ಚಂದ್ರಂಪಳ್ಳಿಗೆ ಕಾರು ಬೇಡ, ಬಸ್ ಬಿಡಿ

ಮಾನ್ಯರೆ,

ಮುಂಗಾರು ಹಿಡಿದು ನಾಲ್ಕು ದಿನ ಮಳೆ ಸುರಿದರೆ ಸಾಕು, ಕಲಬುರಗಿ, ಬೀದರ್ ಅಷ್ಟೇ ಏಕೆ, ಗಡಿಯಾಚೆಯ ತಾಂಡೂರು, ಜಹೀರಾಬಾದ್ ಕಡೆಯ ಕಾರುಗಳೂ ಭಾನುವಾರ ಕಲಬುರಗಿ ಜಿಲ್ಲೆಯ ಚಿಂಚೋಳಿ ಕಾಡಿನ ಚಂದ್ರಂಪಳ್ಳಿ ಜಲಾಶಯದ ಹಾದಿ ಹಿಡಿಯುತ್ತವೆ. ಬರಬೇಡಿ ಎನ್ನಲಾಗದು. ಬಿಸಿಲಿಗೆ ಬೆಂದ ನಮ್ಮಂಥವರಿಗೆ ಹಸಿರು ಗುಡ್ಡ, ತುಂಬಿದ ನೀರು ನೋಡಸಿಗುವುದೇ ವರ್ಷದಲ್ಲಿ ಕೆಲವು ತಿಂಗಳು. ಆದರೆ ಮದುವೆ ಮಂಟಪದ ಮೆಟ್ಟಿಲವರೆಗೂ ಕಾರು ಒಯ್ಯುವ ನಮ್ಮ ರೂಢಿ ಕಾಡಿಗೂ ಬೇಕೇ?

ಈ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು. ವಿಸ್ತೀರ್ಣ 134.88 ಚದರ ಕಿ.ಮೀ. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿ ಧಾಮವೆಂದು ಹೇಳಿಕೊಳ್ಳುತ್ತೇವೆ. ಚಂದ್ರಂಪಳ್ಳಿ ಜಲಾಶಯ ಇರುವುದು ಇದರ ನಟ್ಟನಡುವೆ. ಅಂದರೆ ಜಲಾಶಯಕ್ಕೆ ಹೋಗುವ ಒಂದೊಂದು ಕಾರೂ ಅರ್ಧ ಕಾಡು ದಾಟಿಯೇ ಹೋಗಬೇಕು. ಇಲ್ಲಿರುವುದು ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ, ಕೊಂಡಕುರಿ. ಹುಲಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಗೇಟು, ಜೀಪು, ನೂರೆಂಟು ನಿಯಮ ಎಲ್ಲ ಬಂದಿರುತ್ತಿದ್ದವು. ತೋಳಕ್ಕೆ ಆ ಭಾಗ್ಯವಿಲ್ಲ. ಡಿಕ್ಕಿ ತೆರೆದಿಟ್ಟು ದೊಡ್ಡ ದನಿಯಲ್ಲಿ ಹಾಡು ಹಚ್ಚಿದವರ ಪಕ್ಕದಲ್ಲೇ ಅದು ಮರಿ ಸಾಕಬೇಕು.

ನಮ್ಮದೇ ರಾಜ್ಯದ ಇನ್ನೊಂದು ತುದಿಯಲ್ಲಿ ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ಬಂಡೀಪುರದ ಕಾಡಿನೊಳಗಿರುವ ಹಿಮವದ್ ಗೋಪಾಲಸ್ವಾಮಿ ಬೆಟ್ಟ 1,454 ಮೀಟರ್ ಎತ್ತರದ್ದು. ಅಲ್ಲಿ ಖಾಸಗಿ ವಾಹನಗಳೆಲ್ಲ ಬೆಟ್ಟದ ಬುಡದಲ್ಲೇ ನಿಲ್ಲಬೇಕು. ಮೇಲೆ ಹೋಗುವುದು ಸರ್ಕಾರಿ ಬಸ್ಸು ಮಾತ್ರ. ನಾನು ಮನೆಯವರೊಂದಿಗೆ ಹೋದಾಗ ಮೊದಲು ಎಲ್ಲರದ್ದೂ ಗೊಣಗಾಟವೇ. ಬಸ್ ಹತ್ತಿ ಎರಡು ತಿರುವು ಕಳೆಯುವುದರೊಳಗೆ ಗೊಣಗಾಟ ನಿಂತು ಎಲ್ಲರೂ ಕಿಟಕಿಗೆ ಮುಖ ಹಚ್ಚಿದ್ದರು. ಕಾರಿನಲ್ಲಿ ಹೋಗಿದ್ದರೆ ಸ್ಟೇರಿಂಗ್ ಹಿಡಿದವನಿಗೆ ಆ ಕಣಿವೆ ಕಾಣುತ್ತಲೇ ಇರಲಿಲ್ಲ. ನಡುದಾರಿಯಲ್ಲಿ ಇಳಿಯುವ ಹಾಗಿಲ್ಲ, ಹಾಗಾಗಿ ರಸ್ತೆ ಬದಿಯಲ್ಲಿ ಊಟದ ತಟ್ಟೆ, ಬಾಟಲಿಗಳ ರಾಶಿಯೂ ಇಲ್ಲ. ಸಂಜೆ ಕವಿಯುವ ಮುನ್ನ ಎಲ್ಲರೂ ಕೆಳಗಿಳಿದಿರುತ್ತಾರೆ, ಆಮೇಲೆ ದಾರಿ ಆನೆಗಳದ್ದು.

ಚಂದ್ರಂಪಳ್ಳಿಗೆ ವರ್ಷವಿಡೀ ಬಸ್ ಓಡಿಸಿದರೆ ಬೇಸಿಗೆಯಲ್ಲಿ ಖಾಲಿ ಓಡುತ್ತದೆ ಎಂಬ ಮಾತು ಬರುತ್ತದೆ, ಅದು ಸುಳ್ಳೂ ಅಲ್ಲ. ತೇಗದ ಎಲೆ ಉದುರಿದ ಮೇಲೆ ಅಲ್ಲಿಗೆ ಯಾರು ಹೋಗುತ್ತಾರೆ? ಅದಕ್ಕೇ ಕೇಳುತ್ತಿರುವುದು ಹಂಗಾಮಿನ ಬಸ್ಸು. ಅಮೆರಿಕದ ಯೂಟಾ ರಾಜ್ಯದಲ್ಲಿರುವ ಝಯಾನ್ ರಾಷ್ಟ್ರೀಯ ಉದ್ಯಾನದಲ್ಲಿ 2000ನೇ ಇಸವಿಯಿಂದ ಇದೇ ಪದ್ಧತಿ. ಜನಸಂದಣಿಯ ತಿಂಗಳುಗಳಲ್ಲಿ ಷಟಲ್ ಬಸ್ ಓಡುತ್ತದೆ, ಆಗ ಕಣಿವೆಯ ರಸ್ತೆಗೆ ಪ್ರವಾಸಿಗರ ಕಾರು ಬಿಡುವುದಿಲ್ಲ. ಬಸ್ ನಿಂತ ಚಳಿಗಾಲದ ದಿನಗಳಲ್ಲಿ ಕಾರಿಗೆ ಅವಕಾಶ. ಇನ್ನೂ ಒಂದು ಜಾಣತನವಿದೆ. ಉದ್ಯಾನದ ಬಾಗಿಲಿಗೆ ಹೊಂದಿಕೊಂಡ ಸ್ಪ್ರಿಂಗ್‌ಡೇಲ್ ಎಂಬ ಸಣ್ಣ ಊರಿನ ಬೀದಿಯಲ್ಲೂ ಅದೇ ವ್ಯವಸ್ಥೆಯ ಇನ್ನೊಂದು ಬಸ್ಸು ಸುತ್ತುತ್ತದೆ. ಜನ ಆ ಊರಲ್ಲೇ ಗಾಡಿ ಬಿಟ್ಟು, ಅಲ್ಲೇ ಉಂಡು ತಿಂದು ಕಾಡಿಗೆ ಹೋಗುತ್ತಾರೆ. ಚಿಂಚೋಳಿಗೆ ಬೇಕಾದ್ದೂ ಇದೇ. ಈಗ ಪ್ರವಾಸಿಗರು ಮನೆಯಿಂದಲೇ ಡಬ್ಬಿ ಕಟ್ಟಿಕೊಂಡು ಬಂದು, ಊರು ನೋಡದೆ ಹಾದುಹೋಗಿ, ಖಾಲಿ ಪೊಟ್ಟಣ ಮಾತ್ರ ತಾಲ್ಲೂಕಿಗೆ ಬಿಟ್ಟುಹೋಗುತ್ತಾರೆ. ಊರಲ್ಲಿ ಕಾರು ನಿಂತರೆ ಮಿರ್ಚಿ ಭಜಿ ಅಂಗಡಿಗೂ ಖಾನಾವಳಿಗೂ ನಾಲ್ಕು ಕಾಸು ಬಂದೀತು.

ಬಸ್ ಬಿಟ್ಟರಷ್ಟೇ ಸಾಲದು, ಅದರ ವೇಳೆ ಸರಿ ಇರಬೇಕು. ನಮ್ಮ ಭಾಗದಲ್ಲಿ ಹೋಗುವ ಬಸ್ಸಿನ ಚಿಂತೆ ಯಾರಿಗೂ ಇಲ್ಲ, ಬರುವ ಬಸ್ಸಿನದ್ದೇ ಚಿಂತೆ. ಕಲಬುರಗಿಯಿಂದ ಚಿಂಚೋಳಿಗೆ ಎಂಬತ್ತು ಕಿ.ಮೀ. ಮೇಲಾಗುತ್ತದೆ. ಬೆಳಗಿನ ಬಸ್ಸಿಗೆ ಬಂದವರಿಗಾಗಿ ಕಾಡಿನ ಬಸ್ಸು ನಿಲ್ದಾಣದಲ್ಲಿ ಕಾದಿರಬೇಕು. ಸಂಜೆ ಜಲಾಶಯದಿಂದ ಹೊರಡುವ ಕೊನೆಯ ಬಸ್ಸು, ಕಲಬುರಗಿ ಬಸ್ಸು ಬಿಡುವ ಮುನ್ನ ಚಿಂಚೋಳಿ ಮುಟ್ಟಬೇಕು. ಆ ವೇಳೆಯನ್ನು ಒಡ್ಡಿನ ಬಳಿ ದೊಡ್ಡ ಅಕ್ಷರದಲ್ಲಿ ಬರೆಸಿರಬೇಕು. ಒಮ್ಮೆ ಕೂಸು ಮುದುಕರನ್ನು ಕಟ್ಟಿಕೊಂಡು ಕತ್ತಲಲ್ಲಿ ಸಿಕ್ಕಿಬಿದ್ದವರು ಮತ್ತೆ ಬಸ್ ನಂಬುವುದಿಲ್ಲ.

ಇದನ್ನು ವಿಶೇಷ ಬಸ್ಸೆಂದು ಹೆಸರಿಟ್ಟು ದುಬಾರಿ ಟಿಕೆಟ್ ಹರಿಯುವುದೂ ಬೇಡ. ಸಾಮಾನ್ಯ ಸಾರಿಗೆಯಾಗಿಯೇ ಓಡಲಿ. ಆಗ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಟಿಕೆಟ್ ಬೀಳುವುದಿಲ್ಲ. ಕಾರಿಲ್ಲದ ಮನೆಯವರು ಈ ಕಾಡು ನೋಡುವುದು ಹೀಗಾದರೆ ಮಾತ್ರ. ಕಾಡಿನ ಲಂಬಾಣಿ ತಾಂಡಾಗಳ ಜನರ ಬೈಕು, ಟ್ರ್ಯಾಕ್ಟರುಗಳಿಗೆ ಯಾವ ತಡೆಯೂ ಇರಬಾರದು, ಅವರು ಪ್ರವಾಸಿಗರಲ್ಲ. ಹಂಗಾಮಿನಲ್ಲಿ ನಾಲ್ಕು ಕಾಸು ದುಡಿಯುವ ಟಂಟಂ ಆಟೊದವರ ಹೊಟ್ಟೆಯ ಮೇಲೂ ಹೊಡೆಯಬಾರದು. ಕಾರು ನಿಲ್ಲಿಸುವ ಜಾಗದಿಂದ ಬಸ್ ನಿಲ್ದಾಣದವರೆಗಿನ ಓಡಾಟ ಅವರಿಗೇ ಇರಲಿ.

ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೇಂದ್ರ ಕಚೇರಿ ನಮ್ಮ ಊರಲ್ಲೇ ಇದೆ. ನಿಗಮ, ಅರಣ್ಯ ಇಲಾಖೆ, ಜಿಲ್ಲಾಡಳಿತ ಒಂದು ಕಡೆ ಕೂತು ಮಾತಾಡಿದರೆ ಆಗುವ ಕೆಲಸ ಇದು. ಈ ಕಡೆಯ ಜಲಪಾತಗಳಿಗೂ ಬಸ್ ಬಿಡುವ ಮಾತು ಆಮೇಲೆ ನೋಡೋಣ. ಮೊದಲಿಗೆ ಬರುವ ಶ್ರಾವಣದ ಭಾನುವಾರಗಳಲ್ಲಿ ಚಂದ್ರಂಪಳ್ಳಿಗೆ ಮಾತ್ರ ಎರಡು ಮಿನಿ ಬಸ್ ಬಿಡಲಿ, ವೇಳಾಪಟ್ಟಿಯನ್ನು ಒಂದು ವಾರ ಮುಂಚೆ ಪತ್ರಿಕೆಗಳಿಗೆ ಕೊಡಲಿ.

ನಿವೃತ್ತ ಶಿಕ್ಷಕಿ
ಬ್ರಹ್ಮಪುರ, ಕಲಬುರಗಿ