ಟ್ಯಾಬ್ ಕೊಳ್ಳುವ ಮುನ್ನ ಒಂದು ಕನ್ನಡ ಪುಟ ತೆರೆದು ನೋಡಿ

ಮಾನ್ಯ ಸಂಪಾದಕರಿಗೆ ವಂದನೆಗಳು.

ಕನ್ನಡ ಪತ್ರಿಕೆಗಳ ತಂತ್ರಜ್ಞಾನ ಪುಟಗಳಲ್ಲಿ ಟ್ಯಾಬ್ಲೆಟ್‌ಗಳ ಬಗ್ಗೆ ಬರುವ ಬರಹಗಳನ್ನು ಕೆಲವು ವರ್ಷಗಳಿಂದ ತಪ್ಪದೆ ಓದುತ್ತ ಬಂದಿದ್ದೇನೆ. ಪ್ರೊಸೆಸರ್ ಯಾವುದು, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಆಟ ಆಡಿದರೆ ಬಿಸಿಯಾಗುತ್ತದೆಯೇ ಎಂಬುದನ್ನೆಲ್ಲ ಅವು ವಿವರವಾಗಿಯೇ ತಿಳಿಸುತ್ತವೆ. ಆದರೆ ಅದರಲ್ಲಿ ಒಂದು ಕನ್ನಡ ಪುಸ್ತಕದ ಪುಟವನ್ನು ತೆರೆದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತವೆಯೇ, ರೈಲಿನ ಮೇಲಿನ ಬರ್ತಿನಲ್ಲಿ ಅಂಗಾತ ಮಲಗಿ ಒಂದು ಗಂಟೆ ಎತ್ತಿ ಹಿಡಿದರೆ ಕೈ ಸೋಲುತ್ತದೆಯೇ ಎಂದು ಹೇಳುವ ಬರಹ ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ. ಆ ಕೊರತೆಯನ್ನು ತಮ್ಮ ಗಮನಕ್ಕೆ ತರುವ ಸಲುವಾಗಿ, ಮತ್ತು ನನ್ನಂತೆ ಹದಿನೈದು–ಇಪ್ಪತ್ತು ಸಾವಿರದೊಳಗೆ ಪ್ರಯಾಣಕ್ಕೊಂದು ಸಣ್ಣ ಟ್ಯಾಬ್ ಕೊಳ್ಳಬೇಕೆಂದಿರುವ ಓದುಗರಿಗೆ ಉಪಯೋಗವಾದೀತೆಂದು ಈ ಪತ್ರ ಬರೆಯುತ್ತಿದ್ದೇನೆ.

ಕಾಸರಗೋಡಿನ ಕನ್ನಡಿಗರಾದ ನಮಗೆ ಪ್ರಯಾಣವೆಂಬುದು ಹವ್ಯಾಸವಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಮ್ಮ ರಾಜಧಾನಿ ಐನೂರು ಕಿಲೋಮೀಟರಿಗೂ ದೂರದ ತಿರುವನಂತಪುರ. ಆಸ್ಪತ್ರೆಗೆ, ಮದುವೆಯ ಜವಳಿಗೆ ಮಂಗಳೂರು. ಮಕ್ಕಳಿರುವುದು ಬೆಂಗಳೂರಿನಲ್ಲಿ, ಇಲ್ಲವಾದರೆ ಗಲ್ಫಿನಲ್ಲಿ. 2023ರ ಏಪ್ರಿಲಿನಲ್ಲಿ ವಂದೇ ಭಾರತ್ ಆರಂಭವಾದ ಮೇಲೆ ತಿರುವನಂತಪುರದ ದಾರಿ ಎಂಟು ಗಂಟೆಗೆ ಇಳಿದಿದೆಯಾದರೂ, ಎಂಟು ಗಂಟೆ ಕುಳಿತಿರುವುದೂ ಸಣ್ಣ ಮಾತಲ್ಲ. ಬೆಂಗಳೂರಿಗೆ ಹೋಗುವುದಾದರೆ ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗಿನ ಘಾಟಿಯಲ್ಲಿ 57 ಸುರಂಗಗಳನ್ನು ಹಾಯಬೇಕು. ಅಲ್ಲಿ ಫೋನಿಗೆ ಸಿಗ್ನಲ್ ಎಂಬುದು ಬಂದರೆ ಬಂತು, ಹೋದರೆ ಹೋಯಿತು. ಇಂಥ ದಾರಿಯಲ್ಲಿ ನನಗೆ ಬೇಕಾಗಿರುವುದು ಮೊದಲೇ ಇಳಿಸಿಟ್ಟುಕೊಂಡ ಪುಸ್ತಕ, ನಾಲ್ಕಾರು ಯಕ್ಷಗಾನ ಪ್ರಸಂಗಗಳ ಪಿಡಿಎಫ್, ಬೆಳಗಿನ ಇ-ಪತ್ರಿಕೆ, ಆಗೊಂದು ಈಗೊಂದು ಇಮೇಲ್, ಇಷ್ಟೇ. ಇಷ್ಟನ್ನು ಮಾಡದ ಟ್ಯಾಬ್ ಯಾವುದಿದೆ ಎಂದು ತಾವು ಕೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ.

ನನ್ನ ಮೊದಲ ಟ್ಯಾಬ್ 2020ರದು. ಆ ವರ್ಷದ ಜೂನಿನಲ್ಲಿ ಕೇರಳದಲ್ಲಿ ಕೈಟ್ ವಿಕ್ಟರ್ಸ್ ವಾಹಿನಿಯ ‘ಫಸ್ಟ್ ಬೆಲ್’ ತರಗತಿಗಳು ಶುರುವಾದವು. ಕನ್ನಡ ಮಾಧ್ಯಮದ ಮಕ್ಕಳಿಗೂ ತರಗತಿಗಳು ಬಂದವು, ಪಠ್ಯಪುಸ್ತಕಗಳು ಪಿಡಿಎಫ್ ಆಗಿ ಸಿಕ್ಕಿದವು. ಮೊಮ್ಮಗನಿಗೆಂದು ಆನ್‌ಲೈನಿನಲ್ಲಿ ಕಡಿಮೆ ಬೆಲೆಯ, ಹೆಸರು ಕೇಳಿಲ್ಲದ ಕಂಪೆನಿಯ ಹತ್ತು ಇಂಚಿನ ಟ್ಯಾಬೊಂದನ್ನು ತರಿಸಿದೆ. ಪರದೆ ದೊಡ್ಡದಿದೆ, ಹುಡುಗನ ಕಣ್ಣಿಗೆ ಒಳ್ಳೆಯದು ಎಂಬುದು ನನ್ನ ಲೆಕ್ಕಾಚಾರ. ಮೊದಲ ದಿನವೇ ಅವನು ಪುಟ ತೆರೆದು ದೊಡ್ಡ ದನಿಯಲ್ಲಿ “ಪಾರ ಒಂದು” ಎಂದು ಓದಿದ. ಹತ್ತಿರ ಹೋಗಿ ನೋಡಿದರೆ ಅವನ ತಪ್ಪೇನೂ ಇರಲಿಲ್ಲ. ‘ಠ’ದ ಹೊಟ್ಟೆಯೊಳಗಿನ ಚುಕ್ಕೆ ಆ ಪರದೆಯ ಮೇಲೆ ಅಳಿಸಿಹೋಗಿ ಪಾಠವು ಮಲಯಾಳದ ‘ಪಾರ’, ಅಂದರೆ ಬಂಡೆ, ಆಗಿಬಿಟ್ಟಿತ್ತು. ‘ದ’ಕ್ಕೂ ‘ಧ’ಕ್ಕೂ, ‘ಡ’ಕ್ಕೂ ‘ಢ’ಕ್ಕೂ ನಡುವೆ ಇರುವುದು ಒಂದು ಸಣ್ಣ ಸೀಳು ಮಾತ್ರ, ‘ಸ್ತ್ರೀ’, ‘ರಾಷ್ಟ್ರ’, ‘ಲಕ್ಷ್ಮೀ’ ಎಂಬಂಥ ಪದಗಳ ಅಡಿಯಲ್ಲಿ ಎರಡೆರಡು ಒತ್ತುಗಳು ಒಂದರ ಕಾಲಿಗೆ ಇನ್ನೊಂದು ತೊಡರಿಕೊಂಡಿರುತ್ತವೆ. ಇಂಗ್ಲಿಷ್ ಅಕ್ಷರಗಳಿಗೆ ಸಾಕಾಗುವ ಪರದೆ ನಮ್ಮ ಲಿಪಿಗೆ ಸಾಕಾಗುವುದಿಲ್ಲ ಎಂಬುದು ನನಗೆ ಆ ದಿನ ತಿಳಿಯಿತು.

ಇದರ ಲೆಕ್ಕ ಕಷ್ಟದ್ದೇನಲ್ಲ, ಮನೆಯಲ್ಲೇ ಮಾಡಬಹುದು. ನನ್ನ ಬಳಿಯಿರುವ ಒಂದು ಕನ್ನಡ ಪುಸ್ತಕದಲ್ಲಿ ಸಾಲಿಗೆ ಸುಮಾರು 38 ಅಕ್ಷರಗಳಿವೆ. ಆ ಹಳೆಯ ಟ್ಯಾಬಿನ ಪರದೆ 1024 × 600 ಚುಕ್ಕೆಗಳದ್ದು (ಪಿಕ್ಸೆಲ್), ಅಂದರೆ ಪುಟವನ್ನು ನೆಟ್ಟಗೆ ಹಿಡಿದಾಗ ಅಡ್ಡಕ್ಕೆ ಸಿಗುವುದು 600 ಚುಕ್ಕೆ. ಎರಡೂ ಕಡೆಯ ಖಾಲಿ ಅಂಚಿಗೆ ಕಾಲು ಭಾಗ ಹೋದರೆ ಉಳಿದ 450 ಚುಕ್ಕೆಗಳನ್ನು 38 ಅಕ್ಷರಗಳು ಹಂಚಿಕೊಳ್ಳಬೇಕು. ಅಕ್ಷರವೊಂದಕ್ಕೆ ಹನ್ನೆರಡು ಚುಕ್ಕೆ. ಅಷ್ಟರಲ್ಲಿ ತಲೆಕಟ್ಟು, ಗುಡಿಸು, ಒತ್ತು, ಸೀಳು ಎಲ್ಲ ಮೂಡಬೇಕೆಂದರೆ ಎಲ್ಲಿಂದ ಮೂಡಬೇಕು? ಈಗ ಅಂಗಡಿಗಳಲ್ಲಿ ಕಾಣುವ 8.7 ಇಂಚಿನ ಸಣ್ಣ ಟ್ಯಾಬ್‌ಗಳಲ್ಲಿ ಹೆಚ್ಚಿನವು 1340 × 800 ಚುಕ್ಕೆಗಳವು; 2023ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ9, 2024ರ ರೆಡ್‌ಮಿ ಪ್ಯಾಡ್ ಎಸ್‌ಇ 8.7 ಎರಡೂ ಹೀಗೆಯೇ. ಪುಟದ ಅಂಚನ್ನು ಕತ್ತರಿಸಿ ತೋರಿಸುವ ಓದುವ ಆ್ಯಪ್ ಒಂದನ್ನು ಹಾಕಿಕೊಂಡರೆ 800 ಚುಕ್ಕೆಗಳೂ ಅಕ್ಷರಗಳಿಗೇ ದಕ್ಕಿ ಒಂದಕ್ಕೆ ಇಪ್ಪತ್ತೊಂದರಷ್ಟು ಸಿಗುತ್ತದೆ. ಈ ಪರದೆಯ ಅಗಲ ಹನ್ನೊಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಸಾಮಾನ್ಯ ಡೆಮಿ ಆಕಾರದ ಪುಸ್ತಕದಲ್ಲಿ ಅಚ್ಚಾದ ಭಾಗದ ಅಗಲವೂ ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ ಅಕ್ಷರಗಳು ಮುದ್ರಿತ ಪುಸ್ತಕದಲ್ಲಿ ಇರುವಷ್ಟೇ ದೊಡ್ಡದಾಗಿ ಕಾಣುತ್ತವೆ. ಅಂಚು ಕತ್ತರಿಸುವ ಈ ಸಣ್ಣ ಉಪಾಯವನ್ನು ನಾನು ಬಹಳ ತಡವಾಗಿ ಕಲಿತೆ.

ಹನ್ನೊಂದು ಇಂಚಿನ ಟ್ಯಾಬ್‌ಗಳಲ್ಲಿ ಅಡ್ಡಕ್ಕೆ 1200 ಚುಕ್ಕೆಗಳಿರುವುದು ಸಾಮಾನ್ಯ, ಒನ್‌ಪ್ಲಸ್ ಪ್ಯಾಡ್ ಗೋ ಎಂಬುದರಲ್ಲಿ 1720 ಇವೆ. ಅವುಗಳ ಮೇಲೆ ಕನ್ನಡ ನಿಚ್ಚಳವಾಗಿ ಕಾಣುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ತೂಕ ನೋಡಿ: ಎ9 ಸುಮಾರು 330 ಗ್ರಾಂ, ಅದರ ಅಣ್ಣನಾದ ಹನ್ನೊಂದು ಇಂಚಿನ ಎ9 ಪ್ಲಸ್ 480 ಗ್ರಾಂ, ಪ್ಯಾಡ್ ಗೋ 530 ಗ್ರಾಂ, ಇದಕ್ಕೆ ಮೇಲುಹೊದಿಕೆಯ ಕವರಿನ ಭಾರ ಬೇರೆ. ಅರ್ಧ ಕಿಲೋ ಸಕ್ಕರೆಯ ಪೊಟ್ಟಣವನ್ನು ಮುಖದ ಮೇಲೆ ಎತ್ತಿ ಹಿಡಿದು ಮಲಗಿದರೆ ಹೇಗೋ ಹಾಗೆ. ಒಮ್ಮೆ ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ಅಳಿಯನ ದೊಡ್ಡ ಟ್ಯಾಬ್ ಹಿಡಿದು ಓದುತ್ತಿದ್ದವನಿಗೆ ತೂಕಡಿಕೆ ಬಂದು ಅದು ಮೂಗಿನ ಮೇಲೆಯೇ ಬಿತ್ತು. ಬೆಳಿಗ್ಗೆ ಸೆಕ್ರೆಟರಿಯೇಟಿನ ಬಾಗಿಲಲ್ಲಿ ಮೂಗಿಗೆ ಏನಾಯಿತೆಂದು ಕೇಳಿದವರಿಗೆಲ್ಲ ಉತ್ತರ ಹೇಳುವುದೇ ಕೆಲಸವಾಯಿತು.

ಹಗುರವೂ ಆಗಿರಬೇಕು, ಅಕ್ಷರವೂ ಸ್ಫುಟವಾಗಿರಬೇಕು ಎಂದರೆ ಐಪ್ಯಾಡ್ ಮಿನಿ ಇದೆ: 8.3 ಇಂಚು, ಮುನ್ನೂರು ಗ್ರಾಮಿಗೂ ಕಡಿಮೆ, ಇಂಚಿಗೆ 326 ಚುಕ್ಕೆ. ಅದರ 2024ರ ಮಾದರಿ ಭಾರತಕ್ಕೆ ಬಂದಾಗ ಆರಂಭದ ಬೆಲೆ 49,900 ರೂಪಾಯಿ; ನಿವೃತ್ತ ಅಧ್ಯಾಪಕನ ಕೈಗೆ ಎಟಕುವ ಮಾತಲ್ಲ. ನನಗೆ ಬೇಸರವಾಗುವುದು ಬೇರೊಂದು ಕಾರಣಕ್ಕೆ. 2013ರಲ್ಲಿ ಗೂಗಲ್ ಹೊರತಂದ ನೆಕ್ಸಸ್ 7 ಎಂಬ ಏಳು ಇಂಚಿನ ಟ್ಯಾಬ್ 1920 × 1200 ಚುಕ್ಕೆಗಳದ್ದಾಗಿತ್ತು, ತೂಕ 290 ಗ್ರಾಂ, ಬೆಲೆಯೂ ಮಧ್ಯಮ ವರ್ಗದವರು ಕೊಡಬಹುದಾದದ್ದೇ. ಹತ್ತು ವರ್ಷಗಳ ಮೇಲೆ ಅದೇ ದರ್ಜೆಯ ಸಣ್ಣ ಟ್ಯಾಬ್‌ಗಳ ಪರದೆ ಇಂಚಿಗೆ 323 ಚುಕ್ಕೆಯಿಂದ 179ಕ್ಕೆ ಇಳಿದಿದೆ. ಸಣ್ಣ ಟ್ಯಾಬೆಂದರೆ ಮಕ್ಕಳ ಕೈಗೆ ಕೊಟ್ಟು ಸುಮ್ಮನಿರಿಸುವ ವಸ್ತು ಎಂದು ತಯಾರಕರು ತೀರ್ಮಾನಿಸಿದಂತೆ ತೋರುತ್ತದೆ.

ಅಂಗಡಿಯಲ್ಲಿ ಈ ಪರೀಕ್ಷೆ ಮಾಡುವುದೂ ಸುಲಭವಲ್ಲ. ಎರಡು ವರ್ಷದ ಹಿಂದೆ ಪೇಟೆಯ ಒಂದು ಅಂಗಡಿಗೆ ಹೋಗಿದ್ದಾಗ ಅಲ್ಲಿನ ಹುಡುಗ ಟ್ಯಾಬನ್ನು ನನ್ನ ಮುಂದಿಟ್ಟು ಜಲಪಾತದ ವೀಡಿಯೊ ಹಾಕಿದ. ಜಲಪಾತ ಯಾವ ಪರದೆಯ ಮೇಲೂ ಚೆನ್ನಾಗಿಯೇ ಕಾಣುತ್ತದೆ. ಒಂದು ಪುಸ್ತಕದ ಪುಟ ತೆರೆಯಬಹುದೇ ಎಂದರೆ, “ಮಾಷೇ, ಇದರಲ್ಲಿ ಎಂಟು ಜಿಬಿ ರ‍್ಯಾಮ್ ಉಂಟು” ಎಂದು ಉತ್ತರ. ಪೆಟ್ಟಿಗೆಯ ಮೇಲೆ ಓದಿದರೆ ನಿಜವಾದದ್ದು ನಾಲ್ಕೇ. ಉಳಿದ ನಾಲ್ಕು ಸ್ಟೋರೇಜಿನಿಂದ ಕಡ ತಂದದ್ದು. ಕೊನೆಗೆ ನನ್ನ ಫೋನಿನಲ್ಲಿದ್ದ ಹಳೆಯ ಪ್ರಸಂಗ ಪುಸ್ತಕದ ಒಂದೇ ಒಂದು ಪುಟವನ್ನು ಬ್ಲೂಟೂತಿನಲ್ಲಿ ಕಳುಹಿಸಿ, ಅಂಗಡಿಯ ಟ್ಯೂಬ್‌ಲೈಟಿನಿಂದ ತುಸು ಸರಿದು ಬಾಗಿಲ ಬಳಿಯ ಬೆಳಕಿಗೆ ಹಿಡಿದು, ಮೂರು ಟ್ಯಾಬ್‌ಗಳಲ್ಲಿ ಓದಿ ನೋಡಿದೆ. ಒಂದರಲ್ಲಿ ನನ್ನ ಮುಖವೇ ಕಾಣುತ್ತಿತ್ತು, ಅಷ್ಟು ಹೊಳಪು. ಇನ್ನೊಂದರಲ್ಲಿ ಭಾಮಿನಿಯ ಸಾಲು ಅರ್ಧಕ್ಕೆ ಮಸುಕಾಯಿತು. ಮೂರನೆಯದು, 8.7 ಇಂಚಿನದ್ದು, ಅಂಚು ಕತ್ತರಿಸಿದ ಮೇಲೆ ಓದಲು ಬಂತು, ಅದನ್ನೇ ಕೊಂಡೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವನಿಗೆ ಪ್ರಸಂಗ ಓದಲು ಬಾರದ ಟ್ಯಾಬ್ ಇದ್ದೇನು, ಬಿಟ್ಟೇನು. (ತಾಳಮದ್ದಳೆಗೆ ಒಯ್ಯುವವರಿಗೆ ಒಂದು ಮಾತು: ಪರದೆ ತಾನಾಗಿ ಆರುವ ಅವಧಿಯನ್ನು ಆದಷ್ಟು ಹೆಚ್ಚಿಗೆ ಏರಿಸಿಟ್ಟುಕೊಳ್ಳಿ. ಮಾತಿನ ಮಧ್ಯೆ ಪರದೆ ಆರಿದರೆ ಎದುರಿನ ಅರ್ಥಧಾರಿ ಬಿಟ್ಟುಕೊಡುವವನಲ್ಲ.)

ಸಂಗ್ರಹಕ್ಕೆ 64 ಜಿಬಿ ಎಂದಿದ್ದರೂ ಅದರಲ್ಲಿ ಒಂದು ಪಾಲನ್ನು ಟ್ಯಾಬ್ ತನಗೇ ಇಟ್ಟುಕೊಳ್ಳುತ್ತದೆ. ಸ್ಕ್ಯಾನ್ ಮಾಡಿದ ಪುಸ್ತಕಗಳು ಒಂದೊಂದೂ ಹತ್ತಾರು ಎಂಬಿ ತೂಗುವುದರಿಂದ ಮೆಮೊರಿ ಕಾರ್ಡ್ ಹಾಕಲು ಜಾಗವಿರುವ ಟ್ಯಾಬೇ ನಮ್ಮಂಥವರಿಗೆ ಸರಿ. ಬ್ಯಾಟರಿಯ ವಿಷಯದಲ್ಲಿ ಹೆಚ್ಚು ಚಿಂತೆ ಬೇಡ. 5,100 ಎಂಎಎಚ್ ಇರುವ ಟ್ಯಾಬನ್ನು ಹತ್ತು ಸಾವಿರದ ಪವರ್ ಬ್ಯಾಂಕು ಒಂದೂವರೆ ಸಲ ತುಂಬಿಸುತ್ತದೆ, ಎರಡು ಸಲ ತುಂಬಿಸೀತೆಂದು ಎಣಿಸಬಾರದು.

ಸಿಮ್ ಹಾಕುವ ಟ್ಯಾಬೋ, ವೈ-ಫೈ ಮಾತ್ರ ಇರುವುದೋ ಎಂಬ ಪ್ರಶ್ನೆಗೆ ನನ್ನ ಉತ್ತರ, ಫೋನಿನ ಹಾಟ್‌ಸ್ಪಾಟ್ ಹಾಕಲು ಬರುವವರಿಗೆ ಎರಡನೆಯದೇ ಸಾಕು ಎಂಬುದು. ಆದರೆ ನಕ್ಷೆ ನೋಡುತ್ತ ಊರೂರು ತಿರುಗುವವರು ಒಂದು ಸಂಗತಿ ಗಮನಿಸಬೇಕು: ವೈ-ಫೈ ಮಾತ್ರ ಇರುವ ಐಪ್ಯಾಡ್‌ಗಳಲ್ಲಿ ಜಿಪಿಎಸ್ ಇರುವುದಿಲ್ಲ, ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಕೆಲವದರಲ್ಲಿ ಉಂಟು, ಕೆಲವದರಲ್ಲಿ ಇಲ್ಲ.

ನಮ್ಮ ಜಿಲ್ಲೆಯ ವಿಶೇಷವಾದ ಇನ್ನೊಂದು ತೊಡಕೆಂದರೆ ಗಲ್ಫಿನಿಂದ ಬರುವ ಟ್ಯಾಬ್. ಮನೆಗೊಬ್ಬರು ಅಲ್ಲಿದ್ದಾರೆ, ಊರಿಗೆ ಬರುವಾಗ ಪ್ರೀತಿಯಿಂದ ಒಂದು ತರುತ್ತಾರೆ. ಚಾರ್ಜರಿನ ಚೌಕ ಪಿನ್ನುಗಳು ನಮ್ಮ ಪ್ಲಗ್ಗಿಗೆ ಹೋಗವು ಎಂಬುದು ಸಣ್ಣ ತೊಂದರೆ. ಅನೇಕ ಕಂಪೆನಿಗಳ ವಾರಂಟಿ ಕೊಂಡ ದೇಶಕ್ಕಷ್ಟೇ ಸೀಮಿತ ಎಂಬುದು ದೊಡ್ಡದು. ತಂಗಿಯ ಮಗ ತಂದುಕೊಟ್ಟದ್ದು ಆರನೆಯ ತಿಂಗಳಲ್ಲಿ ಚಾರ್ಜ್ ಆಗದೆ ನಿಂತಾಗ ಮಂಗಳೂರಿನ ಸರ್ವಿಸ್ ಸೆಂಟರ್ ಒಂದರಲ್ಲಿ ಬಿಲ್ ನೋಡಿ ಅದನ್ನು ಮುಟ್ಟದೆಯೇ ಹಿಂದಿರುಗಿಸಿದರು. ತರುವವರು ಈ ವಿಷಯವನ್ನು ಅಲ್ಲಿಯೇ ವಿಚಾರಿಸಿಕೊಂಡು ತಂದರೆ ಒಳ್ಳೆಯದು.

ಕನ್ನಡಿಗರಿಗಷ್ಟೇ ಬರುವ ಕಷ್ಟ ಮತ್ತೊಂದಿದೆ. ನಮ್ಮ ಸಂಘದ ಮನವಿಯೊಂದನ್ನು ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡಿಸಿ, ಕಡತವನ್ನು ಟ್ಯಾಬಿಗೆ ಹಾಕಿಕೊಂಡು ರೈಲು ಹತ್ತಿದ್ದೆ. ದಾರಿಯಲ್ಲಿ ಒಮ್ಮೆ ಓದಿ ತಿದ್ದೋಣವೆಂದು ಶೊರ್ನೂರು ದಾಟಿದ ಮೇಲೆ ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ. ಇಂಗ್ಲಿಷ್ ಅಕ್ಷರ, ಕೊಂಬು, ಚಿಹ್ನೆಗಳ ಕಲಸುಮೇಲೋಗರ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪಾದದ್ದು ಆ ಫಾಂಟ್ ಇಲ್ಲದ ಕಡೆ ಹೀಗೆಯೇ ಕಾಣುತ್ತದೆ. ಅದು ಟ್ಯಾಬಿನ ದೋಷವಲ್ಲ. ಯೂನಿಕೋಡಿನಲ್ಲಿ ಟೈಪು ಮಾಡಿಸಿ, ಇಲ್ಲವೇ ಪಿಡಿಎಫ್ ಮಾಡಿಸಿ ತರಬೇಕು. ಆ ದಿನ ತಿದ್ದುಪಡಿಯಿಲ್ಲದೆಯೇ ಮನವಿ ಸಲ್ಲಿಕೆಯಾಯಿತು, ಎರಡನೆಯ ಪುಟದಲ್ಲಿ ‘ಅಲ್ಪಸಂಖ್ಯಾತ’ ಎಂಬುದು ‘ಅಲ್ಪಸಂಖ್ಯ’ವಾಗಿಯೇ ಹೋಯಿತು.

ಕಡೆಯದಾಗಿ ತಮ್ಮಲ್ಲಿ ಎರಡು ವಿನಂತಿಗಳಿವೆ. ಟ್ಯಾಬ್‌ಗಳ ವಿಮರ್ಶೆ ಪ್ರಕಟಿಸುವಾಗ ಆ ಪರದೆಯ ಮೇಲೆ ತೆರೆದ ಒಂದು ಕನ್ನಡ ಪುಟದ ಹತ್ತಿರದ ಚಿತ್ರವನ್ನು, ಜೊತೆಗೆ ಕವರು ಸಹಿತವಾದ ತೂಕವನ್ನು ಕೊಡುವಂತೆ ತಮ್ಮ ಬರಹಗಾರರಿಗೆ ತಿಳಿಸಿ. ಎರಡನೆಯದು, ಕನ್ನಡದ ಇ-ಪತ್ರಿಕೆಗಳು ಪುಟದ ಚಿತ್ರವನ್ನಷ್ಟೇ ಕೊಟ್ಟರೆ ಅಷ್ಟು ಅಗಲದ ಪುಟವನ್ನು ಹನ್ನೊಂದು ಸೆಂಟಿಮೀಟರಿನಲ್ಲಿ ಓದಲು ಹಿಗ್ಗಿಸುತ್ತ, ಸರಿಸುತ್ತ, ಕಾಲಂ ತಪ್ಪಿ ಇನ್ನೊಂದು ಸುದ್ದಿಗೆ ಹಾರುತ್ತ ಹೋಗಬೇಕಾಗುತ್ತದೆ. ಸುದ್ದಿಯ ಮೇಲೆ ಒತ್ತಿದೊಡನೆ ಅದು ಬರಿಯ ಅಕ್ಷರಗಳಾಗಿ ತೆರೆದುಕೊಂಡರೆ ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಟ್ಯಾಬಿನಲ್ಲಿರುವ ಕನ್ನಡ ಓದುವ ಧ್ವನಿಗೆ ಅದು ನಿಲುಕುವುದೂ ಆಗಲೇ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಮಂಗಳೂರಿಗೆ ಹೋಗಿಬರುತ್ತಿರುವ ನನ್ನ ಅಣ್ಣ ಈ ಸೌಲಭ್ಯಕ್ಕಾಗಿ ಕಾಯುತ್ತಿದ್ದಾರೆ; ಅಲ್ಲಿಯವರೆಗೆ ಸಂಪಾದಕೀಯವನ್ನು ದಿನವೂ ಬೆಳಿಗ್ಗೆ ನಾನೇ ಫೋನಿನಲ್ಲಿ ಓದಿ ಹೇಳುತ್ತಿದ್ದೇನೆ.

ಇತಿ,
ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಕನ್ನಡ ಅಧ್ಯಾಪಕ,
ಬದಿಯಡ್ಕ, ಕಾಸರಗೋಡು ಜಿಲ್ಲೆ