ಅಪ್ಪಾಜಿಗೆ, ಬಾಲ್ಟಿಮೋರ್‌ನಿಂದ

ಅಪ್ಪಾಜಿ, ಅಮ್ಮ, ಇಬ್ರಿಗೂ ನಮಸ್ಕಾರ. ನಾನು ಆರಾಮಾಗಿದೀನಿ, ಇಲ್ಲಿ ಚಳಿ ಶುರುವಾಗಿದೆ, ಚಟ್ನಿಪುಡಿ ಇನ್ನೂ ಉಳಿದಿದೆ. ಮೊನ್ನೆ ಫೋನಲ್ಲಿ ನೀವು "ಪೋಸ್ಟ್‌ಮಾರ್ಟಂ ಮಾಡೋದನ್ನ ಆ ಮೆಡಿಕಲ್ ಹುಡುಗರಿಗೆ ಏನಂತ ಕಲಿಸ್ತೀಯ" ಅಂತ ಕೇಳಿದ್ರಲ್ಲ, ಅಮ್ಮ ಊಟಕ್ಕೆ ಬಡಿಸ್ತಾ ಇದ್ಳು ಅಂತ ನಾನು ಮಾತು ಹಾರಿಸ್ಬಿಟ್ಟೆ. ಈಗ ಬರೀತೀನಿ, ಅವಳಿಗೆ ಬೇಕಾದಷ್ಟೇ ಓದಿ ಹೇಳಿ. ಪಕ್ಕದ ಮನೆಯವರ ಹತ್ರ ನನ್ನನ್ನ "ಲ್ಯಾಬ್ ಡಾಕ್ಟರ್" ಅಂತ ಹೇಳ್ಕೊಂಡಿದಾಳೆ ಅನ್ನೋದು ನಂಗೊತ್ತು, ಇರ್ಲಿ ಬಿಡಿ.

ನಮ್ಮಲ್ಲಿ ಎಂಬಿಬಿಎಸ್‌ಗೆ ಫೊರೆನ್ಸಿಕ್ ಒಂದು ಪೂರ್ತಿ ಸಬ್ಜೆಕ್ಟು, ಪಾಸಾಗ್ಲೇಬೇಕು, ಯಾಕಂದ್ರೆ ನಾಳೆ ತಾಲೂಕು ಆಸ್ಪತ್ರೆಗೆ ಪೋಸ್ಟಿಂಗ್ ಆದ್ರೆ ಅವರೇ ಶವಾಗಾರಕ್ಕೆ ಹೋಗ್ಬೇಕು. ಇಲ್ಲಿ ಅಮೆರಿಕದಲ್ಲಿ ಹಂಗಲ್ಲ, ಬಹಳ ಕಡೆ ಇಷ್ಟ ಇದ್ದವರು ಕೆಲವು ವಾರ ಎಲೆಕ್ಟಿವ್ ಅಂತ ಬಂದು ಹೋಗ್ತಾರೆ ಅಷ್ಟೇ, ಇದನ್ನೇ ಕಸುಬು ಮಾಡ್ಕೋಬೇಕು ಅನ್ನೋರು ಪೆಥಾಲಜಿ ರೆಸಿಡೆನ್ಸಿ ಮುಗಿಸಿ ಅದರ ಮೇಲೆ ಇನ್ನೊಂದು ವರ್ಷ ಫೆಲೋಶಿಪ್ ಮಾಡ್ಬೇಕು. ನಿಮಗೆ ನಗು ಬರೋ ವಿಷಯ ಒಂದಿದೆ, ಈ ದೇಶದಲ್ಲಿ ಎಷ್ಟೋ ಕಡೆ ಸಾವಿನ ತನಿಖೆ ಮಾಡೋ ಕೊರೋನರ್ ಎಲೆಕ್ಷನ್‌ಗೆ ನಿಂತು ಗೆದ್ದು ಬರ್ತಾನೆ, ಡಾಕ್ಟರೇ ಆಗಿರ್ಬೇಕು ಅಂತ ಇಲ್ಲ. ಬಾಲ್ಟಿಮೋರ್ ಇರೋ ಈ ಮೇರಿಲ್ಯಾಂಡ್ ರಾಜ್ಯ ಪುಣ್ಯಕ್ಕೆ 1939ರಲ್ಲೇ ಅದನ್ನ ಬಿಟ್ಟು ಇಡೀ ರಾಜ್ಯಕ್ಕೆ, ಸಾವಿನ ಕಾರಣ ಹುಡುಕೋಕೆ ಡಾಕ್ಟರನ್ನೇ ನೇಮಿಸೋ ಮೆಡಿಕಲ್ ಎಕ್ಸಾಮಿನರ್ ವ್ಯವಸ್ಥೆ ತಂತು. ನೀವು ಪೊಲೀಸಲ್ಲಿದ್ದಾಗ ಸಾವಿನ ಜಾಗಕ್ಕೆ ಹೋಗಿ ಮಾಡ್ತಿದ್ದ ಇನ್‌ಕ್ವೆಸ್ಟ್ ಕೆಲಸದಲ್ಲಿ ಅರ್ಧ ಇಲ್ಲಿ ಮೆಡಿಕಲ್ ಎಕ್ಸಾಮಿನರ್ ಕಡೆಯ ಇನ್ವೆಸ್ಟಿಗೇಟರ್‌ಗಳದ್ದು, ಸ್ಪಾಟ್‌ಗೆ ಹೋಗಿ ಫೋಟೋ ತೆಗೆದು ಮಾತ್ರೆ ಬಾಟ್ಲಿಲಿ ಎಷ್ಟು ಉಳಿದಿದೆ ಅಂತ ಎಣಿಸಿ ಬರ್ಕೋತಾರೆ.

ಸ್ಟೂಡೆಂಟ್ಸ್ ಎಲ್ಲಾ ಬರೋದು ಚಾಕು ಹಿಡಿಯೋ ಆಸೆಗೆ. ನಾವು ಮೊದ್ಲು ಬರೀ ನೋಡೋಕೆ ಕೂರಿಸ್ತೀವಿ. ಇಲ್ಲಿನ ಮೆಡಿಕಲ್ ಎಕ್ಸಾಮಿನರ್ ಆಫೀಸಲ್ಲಿ 18 ಸಣ್ಣ ಸಣ್ಣ ಗೊಂಬೆ ಮನೆಗಳಿದಾವೆ, ಫ್ರಾನ್ಸಿಸ್ ಗ್ಲೆಸ್ನರ್ ಲೀ ಅನ್ನೋ ಶ್ರೀಮಂತ ಹೆಂಗಸು 1940ರ ದಶಕದಲ್ಲಿ ಪೊಲೀಸ್ನೋರ ಟ್ರೈನಿಂಗ್‌ಗೆ ಅಂತಾನೇ ಮಾಡಿಸಿದ್ದು. ದಸರಾಕ್ಕೆ ಅಮ್ಮ ಕೂರಿಸೋ ಗೊಂಬೆ ಥರಾನೇ, ಆದ್ರೆ ಪ್ರತಿ ಮನೇಲೂ ಒಂದಾದ್ರೂ ಸಾವು. ಒಂದಡಿಗೆ ಒಂದಿಂಚಿನ ಲೆಕ್ಕ, ಗೊಂಬೆಗಳ ಕಾಲುಚೀಲ ಕೂಡ ಆಯಮ್ಮ ಗುಂಡುಪಿನ್ನಲ್ಲಿ ಹೆಣೆದಿದ್ದಂತೆ. ಒಂದರಲ್ಲಿ ಅಡುಗೆಮನೆ, ಹೆಂಗಸು ನೆಲದ ಮೇಲೆ ಬಿದ್ದಿದಾಳೆ, ಗ್ಯಾಸ್ ಬಿಟ್ಟಿದೆ, ಬಾಗಿಲ ಸಂದಿಗೆ ಪೇಪರ್ ತುರುಕಿದೆ. ನೋಡಿದ ತಕ್ಷಣ ಎಲ್ರೂ ಆತ್ಮಹತ್ಯೆ ಅಂತಾರೆ. "ಸರಿ, ಅರ್ಧ ಸಿಪ್ಪೆ ತೆಗೆದ ಆಲೂಗಡ್ಡೆ ಯಾಕಿದೆ, ಓವನ್ನಲ್ಲಿ ಪೈ ಯಾಕಿದೆ?" ಅಂತ ಕೇಳಿದ್ರೆ ಸುಮ್ಮನಾಗ್ತಾರೆ. ಉತ್ತರ ಏನು ಅಂತ ನಾವು ಹೇಳಲ್ಲ, ಅದು ಗುಟ್ಟು, ನಿಮಗೂ ಹೇಳಲ್ಲ! ಬಾಗಿಲ ಚಿಲಕ ಒಳಗಿಂದ ಹಾಕಿತ್ತಾ ಹೊರಗಿಂದಾನಾ ಅಂತ ಮಹಜರಲ್ಲಿ ಮೊದಲನೇ ಸಾಲಲ್ಲೇ ಬರೀಬೇಕು ಅಂತ ನೀವು ಹೊಸ ಕಾನ್‌ಸ್ಟೇಬಲ್‌ಗಳನ್ನ ಬೈತಿದ್ದಿದ್ದು ಇಲ್ಲಿ ದಿನಾ ನೆನಪಾಗುತ್ತೆ.

ಆಮೇಲೆ ಡೆತ್ ಸರ್ಟಿಫಿಕೇಟ್. ಇದು ನಂಗೆ ತುಂಬಾ ಮುಖ್ಯ ಅನ್ಸುತ್ತೆ, ಯಾಕಂದ್ರೆ ಈ ಹುಡುಗರಲ್ಲಿ ಪೋಸ್ಟ್‌ಮಾರ್ಟಂ ಮಾಡೋರು ಒಬ್ರೋ ಇಬ್ರೋ, ಸರ್ಟಿಫಿಕೇಟ್ ಮಾತ್ರ ಹೆಚ್ಚುಕಮ್ಮಿ ಎಲ್ರೂ ಬರೀತಾರೆ. ಮೊದಲ ದಿನ ಬರೆಸಿದ್ರೆ ಎಲ್ರದ್ದೂ ಒಂದೇ ಉತ್ತರ, "ಕಾರ್ಡಿಯಾಕ್ ಅರೆಸ್ಟ್". ಹಾರ್ಟ್ ನಿಲ್ದೆ ಯಾರು ಸತ್ತಿದಾರಪ್ಪಾ ಅಂತ ಕೇಳ್ತೀನಿ. ನಿಲ್ಲಿಸಿದ್ದು ಏನು, ಅದಕ್ಕೂ ಹಿಂದೆ ಏನಾಗಿತ್ತು ಅಂತ ಹಿಂದಕ್ಕೆ ಹೋಗ್ತಾ ಹೋಗ್ಬೇಕು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದ ಅಜ್ಜಿ ಹಾಸಿಗೆ ಹಿಡಿದು ವಾರಗಳಾದ್ಮೇಲೆ ನ್ಯುಮೋನಿಯಾದಿಂದ ಹೋದ್ರೆ ನಮ್ಮೂರಲ್ಲಿ ವಯಸ್ಸಾಗಿತ್ತು ಅಂತ ಸುಮ್ಮನಾಗ್ತೀವಿ, ಇಲ್ಲಿ ಅದು ಆಕ್ಸಿಡೆಂಟ್. ಸಹಜ, ಅಪಘಾತ, ಆತ್ಮಹತ್ಯೆ, ಇನ್ನೊಬ್ಬರ ಕೈಯಿಂದ ಆದದ್ದು, ಗೊತ್ತಾಗಿಲ್ಲ, ಈ ಐದರಲ್ಲಿ ಒಂದನ್ನ ಮೆಡಿಕಲ್ ಎಕ್ಸಾಮಿನರೇ ಬರೀಬೇಕು. ನಮ್ಮಲ್ಲಿ ಡಾಕ್ಟರು ಕಾರಣ ಬರೆದು ಕೈ ತೊಳ್ಕೋತಾರೆ, ಮಿಕ್ಕಿದ್ದು ನಿಮ್ಮ ಯುಡಿಆರ್ (ಅಸಹಜ ಸಾವಿನ ವರದಿ) ಫೈಲಿಗೆ, ಕೋರ್ಟಿಗೆ. "ಗೊತ್ತಾಗಿಲ್ಲ" ಅಂತ ಬರೆಯೋಕೆ ಹುಡುಗರಿಗೆ ಭಾರಿ ಸಂಕೋಚ, ಅದನ್ನ ಧೈರ್ಯವಾಗಿ ಬರೆಯೋದೂ ಕಲೀಬೇಕು.

ಚಾಕು ಮುಟ್ಟೋ ಮುಂಚೆ ಕೈ ನಡುಗೋದು ಇನ್ನೊಂದು ಕಡೆ, ಕಣ್ಣಿನೊಳಗಿನ ನೀರು ಸಿರಿಂಜಲ್ಲಿ ತೆಗೆಯೋವಾಗ. ಹೊಟ್ಟೆ ಬಿಚ್ಚಿದಾಗ ನೆಟ್ಟಗೆ ನಿಂತಿರೋರು ಇಲ್ಲಿ ಮುಖ ತಿರುಗಿಸ್ತಾರೆ. ಆದ್ರೆ ರಕ್ತ ಬೇಗ ಕೆಡುತ್ತೆ, ಆ ನೀರು ಅಷ್ಟು ಬೇಗ ಕೆಡಲ್ಲ, ಒಬ್ಬನೇ ಇದ್ದ ಡಯಾಬಿಟಿಸ್‌ನವನ ಶುಗರ್ ಸಾಯೋ ಹೊತ್ತಿಗೆ ವಿಪರೀತ ಏರಿತ್ತಾ ಅಂತ ಅದರಲ್ಲಿ ಸಿಗುತ್ತೆ. ಅಮ್ಮಂಗೆ ಇದೊಂದು ಓದ್ಬೇಡಿ.

ಈಗ ನಿಮ್ಮಿಂದ ಒಂದು ಕೆಲಸ ಆಗ್ಬೇಕು. ಸತ್ತ ಮೇಲೆ ರಕ್ತ ಕೆಳಗಿನ ಭಾಗಕ್ಕೆ ಇಳಿದು ಕಲೆ ಕಟ್ಟುತ್ತಲ್ಲ, ಅದನ್ನ ನೋಡಿ ಬಾಡಿ ಸರಿಸಿದಾರಾ ಅಂತ ಹೇಳೋ ಕ್ಲಾಸು ಮುಂದಿನ ವಾರ ನಂದೇ. ನೀವು ಹಳ್ಳಿಗೆ ಹೋಗೋಷ್ಟರಲ್ಲಿ ಜನ ಒಳಗಿಂದ ಎತ್ಕೊಂಡು ಬಂದು ಜಗಲಿ ಮೇಲೆ ಚಾಪೆ ಹಾಸಿ ಮಲಗಿಸಿಬಿಟ್ಟಿರ್ತಿದ್ರಲ್ಲ, ಆಗ ಯಾರನ್ನ ಮೊದ್ಲು ಕೇಳ್ತಿದ್ರಿ, ಪಂಚರ ಎದುರಿಗೆ ಏನು ಬರೆಸ್ತಿದ್ರಿ, ನಿಧಾನಕ್ಕೆ ನೆನಪು ಮಾಡ್ಕೊಂಡು ವಾಯ್ಸ್ ಮೆಸೇಜ್ ಕಳಿಸಿ. ಹಳೇ ಸಿಆರ್‌ಪಿಸಿ 174 ಹೋಗಿ ಹೊಸ ಕಾನೂನಲ್ಲಿ ಬಿಎನ್‌ಎಸ್‌ಎಸ್ 194 ಆಗಿದೆ ಅಂತ ಶುರು ಮಾಡ್ಬೇಡಿ, ಸೆಕ್ಷನ್ ಬೇಡ, ನಡೆದದ್ದು ಹೇಳಿ ಸಾಕು.

ಬಿಪಿ ಮಾತ್ರೆ ತಪ್ಪಿಸ್ಬೇಡಿ.

ನಿಮ್ಮ ಮಗಳು