ಬೆಚ್ಚುವ ಮನಸ್ಸಿಗೂ ಚಿಕಿತ್ಸೆಯಿದೆ

ಮಾನ್ಯ ಸಂಪಾದಕರೆ,

ಜುಲೈ 11 ಸಮೀಪಿಸಿದಂತೆ 2006ರ ಲೋಕಲ್ ರೈಲು ಸ್ಫೋಟಗಳ ಚಿತ್ರಗಳು ಪತ್ರಿಕೆಗಳಲ್ಲೂ ಟಿ.ವಿ.ಯಲ್ಲೂ ಮತ್ತೆ ಕಾಣಿಸಿಕೊಳ್ಳುತ್ತವೆ. ಪಶ್ಚಿಮ ರೈಲ್ವೆಯಲ್ಲಿ ಸಂಜೆಯ ನೂಕುನುಗ್ಗಲಿನ ಹೊತ್ತಿಗೆ 11 ನಿಮಿಷಗಳೊಳಗೆ 7 ಬಾಂಬುಗಳು ಸಿಡಿದ ಆ ದಿನವನ್ನು ಮುಂಬಯಿ ಮರೆಯಬಾರದೆಂಬುದು ಸರಿ. ಆದರೆ ಅಂದು ಬದುಕುಳಿದ ಕೆಲವರ ನಿದ್ದೆ ಕೆಡಿಸಲು ಸೀಳಿದ ಬೋಗಿಯ ಒಂದು ಚಿತ್ರವೇ ಸಾಕು.

ಇಂಥವರಿಗೆ ‘ಆದದ್ದು ಆಯಿತು, ಮರೆತುಬಿಡು ಮಾರಾಯ’ ಎನ್ನುವುದು ನಮ್ಮಲ್ಲಿ ವಾಡಿಕೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಜೀವಭಯದ ಕ್ಷಣದಲ್ಲಿ ಅಚ್ಚೊತ್ತಿದ ನೆನಪು ಉಳಿದ ನೆನಪುಗಳಂತೆ ಹಿಂದೆ ಸರಿಯದೆ, ಒಂದು ಸದ್ದು, ವಾಸನೆ ಅಥವಾ ಜನಸಂದಣಿಯ ನೆಪದಿಂದ ಎಲ್ಲವೂ ಈಗಲೇ ನಡೆಯುತ್ತಿದೆಯೆಂಬಂತೆ ಮರುಕಳಿಸಬಹುದು. ಅದರಿಂದ ತಪ್ಪಿಸಿಕೊಳ್ಳಲೆಂದು ಮನುಷ್ಯ ಮೊದಲು ರೈಲನ್ನು ಬಿಡುತ್ತಾನೆ, ಆಮೇಲೆ ನಿಲ್ದಾಣದ ದಾರಿಯನ್ನು, ಕೊನೆಗೆ ದುಡಿಮೆಯನ್ನೇ. ತಪ್ಪಿಸಿಕೊಂಡಷ್ಟೂ ಭಯ ಬಲಿಯುತ್ತದೆ. ಲೋಕಲ್ ಇಲ್ಲದೆ ಹೊಟ್ಟೆ ಹೊರೆಯಲಾಗದ ಈ ಊರಿನಲ್ಲಿ ಅದನ್ನು ಸೋಮಾರಿತನವೆಂದೋ ಹೇಡಿತನವೆಂದೋ ಕರೆಯುವುದು ದೊಡ್ಡ ಅನ್ಯಾಯ.

ಹೆಚ್ಚಿನವರು ಮನೆಯವರ ಆಸರೆಯಿಂದ, ಎಂದಿನ ದಿನಚರಿಗೆ ಮರಳುವುದರಿಂದ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆ ವಾರಗಳಲ್ಲಿ, ನಡೆದದ್ದನ್ನು ಅವರಿಂದ ಒತ್ತಾಯಿಸಿ ಹೇಳಿಸಬಾರದು. ತಾವಾಗಿ ಹೇಳತೊಡಗಿದರೆ ಬಾಯಿ ಮುಚ್ಚಿಸಲೂ ಬಾರದು. ನೋಡಲು ಬಂದ ನೆಂಟರೆಲ್ಲ ಮೊದಲಿಂದ ಕಥೆ ಕೇಳುವ ಪರಿಪಾಠವನ್ನು ನಾವು ಬಿಡಲೇಬೇಕು. ತಿಂಗಳು ಕಳೆದರೂ ದುಃಸ್ವಪ್ನ, ಬೆಚ್ಚಿಬೀಳುವಿಕೆ ತಗ್ಗದಿದ್ದರೆ ಅದು ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ, ಇರಬಹುದು. ತರಬೇತಿ ಪಡೆದ ಮನಶ್ಶಾಸ್ತ್ರಜ್ಞರ ನೆರವಿನಿಂದ ಆ ನೆನಪನ್ನೂ, ಬಿಟ್ಟುಬಿಟ್ಟ ದಾರಿಗಳನ್ನೂ ಹಂತಹಂತವಾಗಿ ಎದುರಿಸುವ ಚಿಕಿತ್ಸೆಗಳಿವೆ. ವರ್ಷಗಳು ಕಳೆದ ಮೇಲೂ ಅವು ಅನೇಕರಿಗೆ ಗುಣ ಕೊಟ್ಟಿವೆ.

ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ಕನ್ನಡವೂ ಅದರ ಭಾಷೆಗಳಲ್ಲೊಂದು. ಹಗಲೆಲ್ಲ ಮರಾಠಿ, ಹಿಂದಿಯಲ್ಲಿ ವ್ಯವಹರಿಸುವ ನಮ್ಮವರಿಗೂ ಎದೆಯ ಸಂಕಟವನ್ನು ಕನ್ನಡದಲ್ಲೇ ತೋಡಿಕೊಳ್ಳಬೇಕೆನಿಸುತ್ತದೆ. ಆದ್ದರಿಂದ ಸ್ಫೋಟ, ಕಾಲ್ತುಳಿತ, ರೈಲು ಅಪಘಾತಗಳ ವರದಿಯೊಂದಿಗೆ ಈ ಸಂಖ್ಯೆಯನ್ನು ತಪ್ಪದೆ ಮುದ್ರಿಸಬೇಕೆಂದೂ, ಘೋರ ಚಿತ್ರಗಳನ್ನು ಮುಖಪುಟದಿಂದ ದೂರವಿಡಬೇಕೆಂದೂ ತಮ್ಮಲ್ಲಿ ವಿನಂತಿ. ರಕ್ತದಾನ, ನೇತ್ರ ತಪಾಸಣೆಯ ಶಿಬಿರಗಳನ್ನು ಶ್ರದ್ಧೆಯಿಂದ ನಡೆಸುವ ಇಲ್ಲಿನ ಕನ್ನಡ ಸಂಘಗಳು ಮನೋವೈದ್ಯರನ್ನೂ ಕರೆಸಲಿ.

— ಓದುಗ, ಮೀರಾರೋಡ್